ಆರೈಕೆ ಕೆಲಸಗಾರರ ಸಂಘ: ಧ್ಯೇಯ ಮತ್ತು ಮೌಲ್ಯಗಳನ್ನು ಹೇಗೆ ಬರೆಯಬೇಕು?

ಪ್ರಶ್ನೆ: ಪಿಂಪ್ರಿ ನಿವಾಸಿ

ಪುಣೆ ಕಡೆಯ ಪಿಂಪ್ರಿ-ಚಿಂಚವಡ ಮತ್ತು ಹಡಪಸರ ಭಾಗದ ವೃದ್ಧಾಶ್ರಮಗಳಲ್ಲಿ, ವಿಶೇಷ ಮಕ್ಕಳ ಶಾಲೆಗಳಲ್ಲಿ, ಮನೆಮನೆಗೆ ಆಯಾಗಳನ್ನು ಕಳಿಸುವ ಬ್ಯೂರೋಗಳಲ್ಲಿ ದುಡಿಯುವ ನಾವು ಒಂದು ಕಾರ್ಮಿಕ ಸಂಘವನ್ನು ನೋಂದಾಯಿಸಲು ಹೊರಟಿದ್ದೇವೆ. ನಮ್ಮಲ್ಲಿ ಹೆಚ್ಚಿನವರು ಕಲಬುರಗಿ, ವಿಜಯಪುರ, ಬೀದರ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಹೆಣ್ಣುಮಕ್ಕಳು. ನಿಯಮಾವಳಿಯ ಮೊದಲ ಪುಟದಲ್ಲಿ ಸಂಘದ ಧ್ಯೇಯವನ್ನೂ ಮೌಲ್ಯಗಳನ್ನೂ ಬರೆಯಬೇಕಾಗಿದ್ದು, ನಮ್ಮ ಚರ್ಚೆ ಅಲ್ಲಿಯೇ ನಿಂತುಬಿಟ್ಟಿದೆ.

ಸಂಬಳ, ವಾರದ ರಜೆ, ಪಿ.ಎಫ್., ಇ.ಎಸ್.ಐ. ಇಷ್ಟನ್ನು ಬರೆದರೆ ಸಾಕು, ಮಿಕ್ಕದ್ದೆಲ್ಲ ಭಾಷಣವಾಗುತ್ತದೆ ಎಂಬುದು ಕೆಲವರ ಮಾತು. ನಾವು ನೋಡಿಕೊಳ್ಳುವ ವೃದ್ಧರ, ಮಕ್ಕಳ ಹಿತವೂ ಅದರಲ್ಲಿ ಇರಲೇಬೇಕು ಎಂಬುದು ಇನ್ನು ಕೆಲವರ ಹಟ. ಹಾಗೆ ಬರೆದರೆ ಮುಂದೆ ಮುಷ್ಕರ ಹೂಡಿದ ದಿನ ಆಡಳಿತದವರು ಅದೇ ಸಾಲನ್ನು ನಮ್ಮ ಮುಖಕ್ಕೆ ಹಿಡಿಯುತ್ತಾರೆ ಎಂಬ ಭಯವೂ ಇದೆ. ನಾನಿರುವ ಸಂಸ್ಥೆಯಲ್ಲಿ ರಾತ್ರಿ ಪಾಳಿಗೆ ಇನ್ನೊಬ್ಬರನ್ನು ಕೊಡಿ ಎಂದು ಕೇಳಿದಾಗಲೆಲ್ಲ, ಇದು ಪುಣ್ಯದ ಕೆಲಸ, ಲೆಕ್ಕ ಹಾಕಬಾರದು ಎಂಬ ಉತ್ತರವೇ ಬರುತ್ತದೆ. ಸಂಘಗಳಲ್ಲಿ ದುಡಿದು ಬಲ್ಲವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಆಸ್ಪತ್ರೆ ನೌಕರ, ಘಾಟ್‌ಕೋಪರ್

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಹೇಳಿದ ರಾತ್ರಿ ಪಾಳಿಯ ಸಂಗತಿಯಲ್ಲೇ ಉತ್ತರವಿದೆ ಎಂದು ನನಗೆ ತೋರುತ್ತದೆ. ಹಾಸಿಗೆ ಹಿಡಿದ ವ್ಯಕ್ತಿಗೆ ಬೆನ್ನುಹುಣ್ಣು ಆಗದಿರಬೇಕಾದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ವಾರ್ಡಿಗೆ ಸೇರಿದ ಮೊದಲ ವಾರದಲ್ಲೇ ನಮಗೆ ಕಲಿಸುತ್ತಾರೆ. ಭಾರವಾದ ದೇಹವನ್ನು ಒಬ್ಬರೇ ಎಳೆದು ಹೊರಳಿಸಿದರೆ ರೋಗಿಯ ಚರ್ಮ ಉಜ್ಜಿ ಕಿತ್ತುಬರುತ್ತದೆ, ಹೊರಳಿಸಿದವಳ ಸೊಂಟವೂ ಹೋಗುತ್ತದೆ. ಹೀಗಿರುವಾಗ ಪಾಳಿಗೆ ಎಷ್ಟು ಜನ ಇರಬೇಕು ಎಂಬ ಬೇಡಿಕೆಯನ್ನು ಕಾರ್ಮಿಕರ ಹಿತ, ರೋಗಿಯ ಹಿತ ಎಂದು ಎರಡು ಕಡೆಗೆ ಹಂಚಲು ಸಾಧ್ಯವೇ ಇಲ್ಲ. ಧ್ಯೇಯದ ಮೊದಲ ಸಾಲಿನಲ್ಲಿ ಇದನ್ನೇ ಬರೆಯಿರಿ: ಒಬ್ಬ ಕೆಲಸಗಾರಳ ಪಾಲಿಗೆ ಎಷ್ಟು ಜನರ ಆರೈಕೆ ಬರಬೇಕು ಎಂಬುದನ್ನು ಆಡಳಿತದೊಡನೆ ಕುಳಿತು ನಿರ್ಧರಿಸುವ ಹಕ್ಕು ಸಂಘಕ್ಕೆ ಇರಬೇಕು. ಸಂಬಳದ ಮಾತು ಅದರ ಹಿಂದೆಯೇ ಬರುತ್ತದೆ, ಏಕೆಂದರೆ ಸಂಬಳ ಸಾಲದ ಕಡೆ ಅನುಭವಿಗಳು ನಿಲ್ಲುವುದಿಲ್ಲ. ತಿಂಗಳಿಗೊಬ್ಬರು ಹೊಸಬರು ಬರುವ ಮನೆಯಲ್ಲಿ, ಮರೆವಿನ ಕಾಯಿಲೆಯ ಅಜ್ಜಿಗೆ ತನ್ನನ್ನು ಯಾರು ಮುಟ್ಟುತ್ತಿದ್ದಾರೆಂಬುದೇ ತಿಳಿಯದೆ ಅವರು ಗಾಬರಿಯಾಗುತ್ತಾರೆ.

ಪುಣ್ಯದ ಕೆಲಸ ಎಂಬ ವಾದ ನಿಮ್ಮ ಸಂಸ್ಥೆಯೊಂದರದೇ ಅಲ್ಲ. ಅಂಗನವಾಡಿ ಯೋಜನೆ 1975ರಲ್ಲಿ ಆರಂಭವಾದಾಗಿನಿಂದ ಅಲ್ಲಿನ ಸೇವಿಕೆಯರಿಗೆ ಕೊಡುವುದನ್ನು ವೇತನವೆಂದು ಕರೆಯದೆ ಮಾನಧನವೆಂದೇ ಕರೆಯಲಾಗಿದೆ. ಅದೇ ಸೇವಿಕೆಯರನ್ನು 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಅಗತ್ಯ ಸೇವೆಗಳ ಕಾಯ್ದೆಯಾದ ಮೆಸ್ಮಾದ ವ್ಯಾಪ್ತಿಗೆ ತಂದಿತು. ವಿಧಾನಮಂಡಲದಲ್ಲಿ ಗದ್ದಲವಾದ ಮೇಲೆ ಅದನ್ನು ತಡೆಹಿಡಿಯಿತು. ಮುಷ್ಕರ ಮಾಡಬಾರದಷ್ಟು ಅಗತ್ಯದವರು, ಆದರೆ ವೇತನಕ್ಕೆ ಅರ್ಹರಲ್ಲ ಎಂಬ ನಿಲುವು ನ್ಯಾಯವಾದುದಲ್ಲ. ಅವರು ಸಂಘಟಿತರಾಗಿ ಹೋರಾಡಿದ್ದರಿಂದಲೇ ಒಂದೊಂದಾಗಿ ಬಾಗಿಲು ತೆರೆದಿದೆ. 1972ರ ಗ್ರಾಚ್ಯುಟಿ ಕಾಯ್ದೆ ಅಂಗನವಾಡಿಯ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪಿತ್ತಿದೆ.

ಉತ್ತರ 2: ಕಾನೂನು ಅಭ್ಯಾಸಿ, ಮಡಗಾಂವ್

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ. ಕಾರ್ಮಿಕ ಕಾನೂನಿನ ಮಟ್ಟಿಗೆ ಆಸ್ಪತ್ರೆ, ಧರ್ಮಾರ್ಥ ಸಂಸ್ಥೆ, ಶಾಲೆಗಳನ್ನೂ ಉದ್ದಿಮೆಯೆಂದೇ ಎಣಿಸುವಷ್ಟು ವಿಶಾಲವಾದ ವ್ಯಾಖ್ಯೆಯನ್ನು 1978ರ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟಿತ್ತು, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ಆ ತೀರ್ಪು ಸೇವಾವಲಯದ ನೌಕರರಿಗೆ ದಶಕಗಳ ಕಾಲ ಆಸರೆಯಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಾದರೋ, ಸಂಪೂರ್ಣವಾಗಿ ಅಥವಾ ಬಹುಪಾಲು ಧರ್ಮಾರ್ಥ, ಸಾಮಾಜಿಕ ಅಥವಾ ಪರೋಪಕಾರಿ ಸೇವೆಯಲ್ಲಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನೂ ಮನೆಗೆಲಸವನ್ನೂ ಉದ್ದಿಮೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಟ್ರಸ್ಟ್ ನಡೆಸುವ ವೃದ್ಧಾಶ್ರಮದವರೂ ಮನೆಗಳಿಗೆ ಹೋಗುವ ಆಯಾಗಳೂ ಈ ಗೆರೆಯ ಆಚೆಗೆ ತಳ್ಳಲ್ಪಟ್ಟು ಆ ಕಾನೂನಿನ ಆಸರೆ ಕಳೆದುಕೊಳ್ಳುವ ಸಂಭವವಿದೆ.

ಆದರೆ ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೆಯ ವಿಧಿಯಿಂದ ಬಂದದ್ದು, ಮತ್ತು ನೋಂದಣಿಯ ಮಟ್ಟಿಗೆ ಸಂಹಿತೆ ಅಸಂಘಟಿತ ಕಾರ್ಮಿಕರನ್ನೂ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಸದಸ್ಯತ್ವದ ಕಲಮನ್ನು ಸಂಸ್ಥೆಯ ಹೆಸರಿನಿಂದ ಬರೆಯದೆ ಕೆಲಸದ ಸ್ವರೂಪದಿಂದ ಬರೆಯಿರಿ. ಬ್ಯೂರೋದವಳು, ಟ್ರಸ್ಟಿನವಳು, ಯಾರ ಮಧ್ಯಸ್ಥಿಕೆಯೂ ಇಲ್ಲದೆ ಒಂದು ಮನೆಯಲ್ಲಿ ದುಡಿಯುವವಳು, ಮೂವರೂ ಒಂದೇ ಸಂಘದಲ್ಲಿ ಇರಲಿ.

ಉತ್ತರ 3: ಸಂಘದ ಕಾರ್ಯಕರ್ತೆ, ಡೊಂಬಿವಲಿ

ಮುಷ್ಕರದ ಬಗ್ಗೆ ಯಾರೂ ನೇರವಾಗಿ ಬರೆದಿಲ್ಲ. ನಾವು ಎಂದೂ ಕೆಲಸ ನಿಲ್ಲಿಸುವುದಿಲ್ಲ ಎಂಬ ಮಾತನ್ನು ದಯವಿಟ್ಟು ಮೌಲ್ಯವೆಂದು ಬರೆಯಬೇಡಿ. ಕರುಣೆಯುಳ್ಳವರು ಹೇಗೂ ಬಿಟ್ಟುಹೋಗುವುದಿಲ್ಲ ಎಂದು ತಿಳಿದಿರುವುದರಿಂದಲೇ ಅವರ ಮೇಲೆ ಇನ್ನಷ್ಟು ಹೊರೆ ಹೊರಿಸಲಾಗುತ್ತದೆ. ಇದೇ ಪುಣೆಯಲ್ಲಿ 1980ರಲ್ಲಿ ಮನೆಗೆಲಸದ ಹೆಂಗಸರು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಅವರ ಸಂಘ ಹುಟ್ಟಿದ್ದು ಆ ಹೋರಾಟದಿಂದ. ಬರೆಯಬೇಕಾದದ್ದು ಮುಷ್ಕರದ ವಿಧಾನ. ಮುಂಚಿತ ನೋಟಿಸು ಆಡಳಿತಕ್ಕೆ ಮಾತ್ರವಲ್ಲದೆ ಕುಟುಂಬಗಳಿಗೂ ಹೋಗಬೇಕು. ಇನ್ಸುಲಿನ್, ಆಮ್ಲಜನಕ, ನಳಿಕೆಯ ಆಹಾರ ಬೇಕಾದವರ ಪಟ್ಟಿಯನ್ನು ಸಂಘವೇ ತಯಾರಿಸಿ ಅವರಿಗಾಗಿ ಪಾಳಿ ಹಾಕಬೇಕು. ಕಚೇರಿಯ ಕೆಲಸ, ಬಿಲ್ಲಿನ ಕೆಲಸ, ಹೊಸ ದಾಖಲಾತಿ ಮೊದಲು ನಿಲ್ಲಬೇಕು. ಅಂಥ ಮುಷ್ಕರದಲ್ಲಿ ಕುಟುಂಬದವರು ನಿಮ್ಮ ಪಕ್ಕದಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ನಿಮ್ಮ ಸದಸ್ಯಳೊಬ್ಬಳು ಮಗುವಿಗೆ ಹೊಡೆದಳು ಎಂಬ ದೂರು ಬಂದರೆ ಸಂಘ ಏನು ಮಾಡುತ್ತದೆ? ಅವಳ ಮಾತನ್ನು ಕೇಳದೆ ಕೆಲಸದಿಂದ ತೆಗೆಯುವುದನ್ನು ಸಂಘ ತಡೆಯಬೇಕು, ವಿಚಾರಣೆಯಲ್ಲಿ ಅವಳ ಜೊತೆ ಕೂರಬೇಕು. ಆದರೆ ನಡೆದದ್ದನ್ನು ಮುಚ್ಚಿಡಲು ಸಂಘದ ಬಲವನ್ನು ಬಳಸಕೂಡದು. ಸಂಸ್ಥೆಯಲ್ಲಿ ನಡೆಯುವ ಹಿಂಸೆಯನ್ನು ಹೊರಗೆ ಹೇಳಿದ ಸದಸ್ಯಳನ್ನು ಕಾಪಾಡುವ ಮಾತೂ ಇದರ ಜೊತೆಯಲ್ಲೇ ಇರಬೇಕು. ಆರೈಕೆಯ ಕ್ಷೇತ್ರದ ಸಂಘಕ್ಕೆ ಜನರ ನಂಬಿಕೆ ದೊರೆಯುವುದೋ ಇಲ್ಲವೋ ಎಂಬುದು ಹೆಚ್ಚಾಗಿ ಈ ಎರಡು ಸಾಲುಗಳ ಮೇಲೆ ನಿಂತಿದೆ.

ಉತ್ತರ 4: ಮಾಟುಂಗಾ ಓದುಗ

ನಾಯಕತ್ವದ ಕುರಿತು ಒಂದು ಮಾತು. ಮುಂಬಯಿಯ ಕಾರ್ಮಿಕ ಚಳವಳಿಗೆ ನಮ್ಮ ಕರಾವಳಿಯ ಕಾಣಿಕೆ ದೊಡ್ಡದು. ಬಂದರು ಕಾರ್ಮಿಕರನ್ನು ಸಂಘಟಿಸಿದ ಪಿ. ಡಿಮೆಲ್ಲೊ, ಅವರ ಹಿಂದೆಯೇ ಬಂದು ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆ ನೌಕರರನ್ನೂ ಒಗ್ಗೂಡಿಸಿದ ಜಾರ್ಜ್ ಫರ್ನಾಂಡಿಸ್ ಇಬ್ಬರೂ ಆ ಕಡೆಯವರು. ಅವರನ್ನು ಗೌರವದಿಂದ ನೆನೆಯುತ್ತಲೇ ಹೇಳುತ್ತೇನೆ: ನಿಮ್ಮ ಸಂಘ ಹೊರಗಿನ ಒಬ್ಬ ದೊಡ್ಡ ನಾಯಕನಿಗಾಗಿ ಕಾಯಬಾರದು. ಅಸಂಘಟಿತ ವಲಯದ ಸಂಘದಲ್ಲಿ ಪದಾಧಿಕಾರಿಗಳ ಪೈಕಿ ಕನಿಷ್ಠ ಅರ್ಧದಷ್ಟು ಜನ ಅದೇ ಕೆಲಸದಲ್ಲಿ ಇರುವವರಾಗಿರಬೇಕೆಂದು ಕಾನೂನು ಹೇಳುತ್ತದೆ; ನೀವು ಅದಕ್ಕಿಂತ ಹೆಚ್ಚಿನ ಪಾಲನ್ನು ನಿಗದಿಮಾಡಿಕೊಳ್ಳಬಹುದು. ನಿಮ್ಮ ಊರಿನಲ್ಲೇ 1993ರಲ್ಲಿ ಹುಟ್ಟಿದ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್‌ನವರನ್ನು ಹೋಗಿ ಕಾಣಿರಿ. ಕಸ ಆಯುವವರು, ಅವರಲ್ಲಿ ಬಹುಪಾಲು ದಲಿತ ಹೆಂಗಸರು, ಸಂಘದ ಗುರುತಿನ ಚೀಟಿ ಹಿಡಿದು ನಗರಪಾಲಿಕೆಯೊಡನೆ ಮಾತಿಗೆ ಕುಳಿತವರು.

ವಾರ್ಷಿಕ ಲೆಕ್ಕಪತ್ರವನ್ನು ಸಭೆಯಲ್ಲಿ ಮರಾಠಿ, ಕನ್ನಡ ಎರಡರಲ್ಲೂ ಗಟ್ಟಿಯಾಗಿ ಓದಿ ಹೇಳಬೇಕೆಂಬ ನಿಯಮವೂ ಇರಲಿ. ಓದಲು ಬಾರದ ಸದಸ್ಯಳಿಗೂ ತನ್ನ ಚಂದಾ ಎಲ್ಲಿ ಹೋಯಿತೆಂದು ತಿಳಿಯಬೇಕು.

ಮರು ಉತ್ತರ: ಪಿಂಪ್ರಿ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಸಭೆಯಲ್ಲಿ ಓದಿದೆವು. ಸದಸ್ಯತ್ವವನ್ನು ಕೆಲಸದ ಸ್ವರೂಪದಿಂದ ಬರೆಯುವುದಕ್ಕೂ ಲೆಕ್ಕಪತ್ರವನ್ನು ಓದಿ ಹೇಳುವುದಕ್ಕೂ ಎಲ್ಲರೂ ಒಪ್ಪಿದರು. ಹೊಡೆತದ ದೂರಿನ ವಿಷಯದಲ್ಲಿ ತುಂಬಾ ಹೊತ್ತು ಚರ್ಚೆಯಾಯಿತು, ಏಕೆಂದರೆ ಸುಳ್ಳು ದೂರಿನಿಂದ ಕೆಲಸ ಕಳೆದುಕೊಂಡವರು ನಮ್ಮಲ್ಲೇ ಇದ್ದಾರೆ. ಆ ಕಲಮನ್ನು ಈಗ ಹೀಗೆ ಬರೆದಿದ್ದೇವೆ: “ದೂರಿಗೆ ಒಳಗಾದ ಸದಸ್ಯಳಿಗೆ ಸಂಘವು ವಿಚಾರಣೆಯ ಕೊನೆಯವರೆಗೂ ಜೊತೆಯಾಗಿರುವುದು, ಆರೈಕೆಯಲ್ಲಿರುವವರ ಮಾತನ್ನು, ಮಾತು ಬಾರದವರಾದರೆ ಅವರ ಮೈಮೇಲಿನ ಗುರುತನ್ನು, ಸಂಘವು ಸಾಕ್ಷಿಯೆಂದು ಮನ್ನಿಸುವುದು.” ಇದರಲ್ಲಿ ತಿದ್ದುಪಡಿ ಬೇಕೆನಿಸಿದರೆ ನೋಂದಣಿ ಅರ್ಜಿ ಸಲ್ಲಿಸುವ ಮೊದಲು ತಿಳಿಸಬೇಕೆಂದು ಕೋರುತ್ತೇವೆ.