ಮಳೆ ಹಿಡಿದ ಮೇಲೆ ಕಮೋಡಿನ ನೀರು ಇಳಿಯುತ್ತಿಲ್ಲ: ಸೆಪ್ಟಿಕ್ ಟ್ಯಾಂಕ್ ತುಂಬಿದೆಯಾ?

ತೋಟದಮನೆ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮದು ತೋಟದ ಮನೆ, ಆರು ಜನ ಇದ್ದೇವೆ. ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕ್ ಇದೆ. ಅದರ ನೀರು ಸಿಮೆಂಟ್ ರಿಂಗ್ ಇಳಿಸಿದ ಇಂಗುಗುಂಡಿಗೆ ಹೋಗುತ್ತದೆ. ಕಟ್ಟಿಸಿ ಐದಾರು ವರ್ಷ ಆಯಿತು, ಇನ್ನೂ ಖಾಲಿ ಮಾಡಿಸಿಲ್ಲ.

ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಮಳೆ ಹಿಡಿದ ಮೇಲೆ ಫ್ಲಶ್ ಮಾಡಿದರೆ ನೀರು ಕಮೋಡಿನಲ್ಲಿ ಮೇಲೆ ಬಂದು ನಿಲ್ಲುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಸದ್ದು. ಅಂಗಳದಲ್ಲಿ ವಾಸನೆ ಬೇರೆ. ಟ್ಯಾಂಕಿನ ಮುಚ್ಚಳ ಸರಿಸಿ ನೋಡಿದರೆ ಪೂರ್ತಿ ತುಂಬಿದೆ. ಸಕ್ಕಿಂಗ್ ಗಾಡಿ ಕರೆಸಬೇಕಾ? ನಮ್ಮ ಮಣ್ಣು ರಸ್ತೆಯಲ್ಲಿ ಈಗ ಗಾಡಿ ಬರುವುದು ಕಷ್ಟ.

ಭದ್ರಾವತಿ ಗೆಳೆಯ

ಮೊದಲು ಒಂದು ಬಾಟಲಿ ಆಸಿಡ್ ಹಾಕಿ ನೋಡಿ. ಇಲ್ಲಾಂದ್ರೆ ಸಗಣಿ, ಬೆಲ್ಲ ಕಲಸಿ ಸುರಿಯಿರಿ. ನಮ್ಮ ಕಡೆ ಹಾಗೇ ಮಾಡುತ್ತಾರೆ.

ಸಾಗರದ ಮೇಸ್ತ್ರಿ

ಆಸಿಡ್ ಬೇಡವೇ ಬೇಡ ಸರ್. ಟ್ಯಾಂಕಿನಲ್ಲಿ ಕೊಳೆಸುವ ಕೆಲಸ ಮಾಡುವುದೇ ಸೂಕ್ಷ್ಮಜೀವಿಗಳು, ಆಸಿಡ್ ಅವನ್ನೇ ಕೊಲ್ಲುತ್ತದೆ. ಬೆಲ್ಲ, ಸಗಣಿಯೂ ಬೇಕಿಲ್ಲ. ಬೇಕಾದ ಜೀವಿಗಳು ಮಲದ ಜೊತೆಗೇ ಬರುತ್ತವೆ. ಸಗಣಿ ಹಾಕಿದರೆ ತಳದ ಕೆಸರು ಜಾಸ್ತಿ ಆಗುತ್ತದೆ, ಅಷ್ಟೇ.

ಗಾಡಿಗೂ ಅವಸರ ಮಾಡಬೇಡಿ. ಟ್ಯಾಂಕ್ ತುಂಬಿದೆ ಅಂತ ಹೆದರುವವರು ತುಂಬಾ ಜನ. ಸರಿಯಾಗಿ ಕೆಲಸ ಮಾಡುವ ಟ್ಯಾಂಕ್ ಯಾವಾಗಲೂ ತುಂಬಿಯೇ ಇರುತ್ತದೆ. ಎಷ್ಟು ನೀರು ಒಳಗೆ ಬರುತ್ತದೋ ಅಷ್ಟು ಆಚೆ ಹೋಗುತ್ತದೆ. ಯಾವ ಮಟ್ಟಕ್ಕೆ ನಿಂತಿದೆ ಅನ್ನುವುದು ಮುಖ್ಯ. ಒಳಬರುವ ಪೈಪಿಗಿಂತ ಹೊರಹೋಗುವ ಪೈಪ್ ಸುಮಾರು ಎರಡು ಇಂಚು ಕೆಳಗಿರುತ್ತದೆ. ನೀರು ಹೊರಹೋಗುವ ಪೈಪಿನ ಮಟ್ಟಕ್ಕೇ ನಿಂತಿದ್ದರೆ ಟ್ಯಾಂಕ್ ಸರಿಯಿದೆ, ಕಮೋಡಿನಿಂದ ಟ್ಯಾಂಕಿನವರೆಗಿನ ಪೈಪಿನಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಅರ್ಥ. ಹೊರಹೋಗುವ ಪೈಪನ್ನೇ ಮುಳುಗಿಸಿ ನಿಂತಿದ್ದರೆ ಅದರ ಬಾಯಿಗೆ ಹಾಕಿದ ಟಿ ಆಕಾರದ ಪೈಪ್ ಕಟ್ಟಿದೆ, ಇಲ್ಲವೇ ಇಂಗುಗುಂಡಿ ನೀರು ಕುಡಿಯುತ್ತಿಲ್ಲ.

ಇಂಗುಗುಂಡಿಯ ಮುಚ್ಚಳವನ್ನೂ ಸರಿಸಿ ನೋಡಿ. ಆಮೇಲೆ ಕೆಸರು ಅಳೆಯಿರಿ. ಉದ್ದ ಗಳುವಿನ ತುದಿಗೆ ಮೂರು ಅಡಿಯಷ್ಟು ಹಳೇ ಬಿಳಿ ಪಂಚೆ ಸುತ್ತಿ ಬಿಗಿಯಾಗಿ ಕಟ್ಟಿ. ಮೊದಲ ಕೋಣೆಯ ತಳ ಮುಟ್ಟುವವರೆಗೆ ಮೆಲ್ಲಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ನೇರಕ್ಕೆ ಎತ್ತಿ. ಬಟ್ಟೆಯ ಮೇಲೆ ಕಪ್ಪು ಎಲ್ಲಿಯವರೆಗೆ ಹತ್ತಿದೆಯೋ ಅಷ್ಟು ಕೆಸರು. ಕೆಸರು ಮತ್ತು ಮೇಲೆ ತೇಲುವ ಪದರ ಸೇರಿ ನೀರಿನ ಆಳದ ಮೂರನೇ ಒಂದು ಭಾಗ ಆದರೆ ತೆಗೆಸುವ ಕಾಲ ಬಂತು.

ಒಂದು ಮಾತು ಮರೆಯಬೇಡಿ. ಮುಚ್ಚಳ ಸರಿಸಿದ ಕೂಡಲೇ ಬಗ್ಗಿ ಮುಖ ಒಡ್ಡಬೇಡಿ, ಬೀಡಿ, ಬೆಂಕಿಕಡ್ಡಿ ಹತ್ತಿರ ತರಬೇಡಿ. ಒಳಗೆ ಮೀಥೇನ್ ಇರುತ್ತದೆ, ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಎರಡನೆಯದು ಜಾಸ್ತಿ ಇದ್ದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಮನುಷ್ಯ ನಿಂತಲ್ಲೇ ಬಿದ್ದುಬಿಡುತ್ತಾನೆ. ಮಕ್ಕಳನ್ನು, ದನಕರುಗಳನ್ನು ದೂರ ಇಡಿ.

ತೋಟದಮನೆ

ತುಂಬಾ ಉಪಕಾರ ಆಯಿತು. ನೀವು ಹೇಳಿದ ಹಾಗೇ ನೋಡಿದೆ. ನೀರು ಹೊರಹೋಗುವ ಪೈಪಿಗಿಂತ ಒಂದು ಗೇಣು ಮೇಲಿದೆ. ಇಂಗುಗುಂಡಿ ಬಾಯಿವರೆಗೆ ತುಂಬಿದೆ. ಬಟ್ಟೆಗೆ ಹತ್ತಿದ ಕಪ್ಪು ಒಂದು ಅಡಿಗಿಂತ ಕಮ್ಮಿ, ನೀರಿನ ಆಳ ನಾಲ್ಕೂವರೆ ಅಡಿ. ತೇಲುವ ಪದರ ತೆಳ್ಳಗಿದೆ. ನಡುವೆ ಮಳೆ ಹೊಳವಾಗಿತ್ತಲ್ಲ, ಆಗ ಕಮೋಡ್ ಚೆನ್ನಾಗಿಯೇ ಇಳಿಯುತ್ತಿತ್ತು. ಇನ್ನೊಂದು ವಿಷಯ, ಹಿಂದಿನ ಮಾಡಿನ ದೋಣಿ ನೀರಿನ ಪೈಪ್ ನೆಲದೊಳಗೆ ಹೋಗಿ ಇದೇ ಗುಂಡಿಗೆ ಬೀಳುತ್ತಿದೆ. ಕಟ್ಟಿದವರು ಹಾಗೇ ಜೋಡಿಸಿ ಹೋಗಿದ್ದಾರೆ.

ಸಾಗರದ ಮೇಸ್ತ್ರಿ

ಹಾಗಾದರೆ ಸಿಕ್ಕಿತು ಬಿಡಿ. ಆ ದೋಣಿ ನೀರನ್ನು ಇವತ್ತೇ ತಪ್ಪಿಸಿ. ಸಾವಿರ ಚದರಡಿ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಒಂಬತ್ತು ಸಾವಿರ ಲೀಟರ್ ಮೇಲಾಗುತ್ತದೆ. ನಮ್ಮ ಮಲೆನಾಡಿನಲ್ಲಿ ಒಂದೇ ದಿನ ಅಷ್ಟು ಹೊಡೆಯುವುದು ಹೊಸದೇನಲ್ಲ. ಯಾವ ಗುಂಡಿ ತಡೆದೀತು ಹೇಳಿ? ಅಂಗಳದ ನೀರೂ ನುಗ್ಗದ ಹಾಗೆ ಗುಂಡಿಯ ಬಾಯಿಯನ್ನು ಒಂದು ಸಾಲು ಜಂಬಿಟ್ಟಿಗೆ ಕಟ್ಟಿ ಎತ್ತರಿಸಿ, ಸುತ್ತ ಮಣ್ಣು ಇಳುಕಲು ಮಾಡಿ. ಮಳೆಗಾಲ ಮುಗಿಯುವವರೆಗೆ ಸ್ನಾನದ ನೀರು, ಬಟ್ಟೆ ಒಗೆದ ನೀರು ಬಾಳೆ ಬುಡಕ್ಕೆ ಹೋಗಲಿ.

ಈಗ ಗಾಡಿ ತರಿಸಿದರೂ ಪ್ರಯೋಜನ ಇಲ್ಲ. ನೆಲದ ನೀರೇ ಮೇಲೆ ಬಂದಿದ್ದರೆ ಗುಂಡಿ ಮತ್ತೆ ತುಂಬುತ್ತದೆ. ಅಂಥ ಹೊತ್ತಲ್ಲಿ ಟ್ಯಾಂಕ್ ಪೂರ್ತಿ ಬರಿದು ಮಾಡಿದರೆ ಹೊರಗಿನ ನೀರಿನ ಒತ್ತಡಕ್ಕೆ ಗೋಡೆ ಬಿರುಕು ಬಿಡಬಹುದು, ಫೈಬರ್ ಟ್ಯಾಂಕ್ ಆದರೆ ತೇಲಿ ಮೇಲೇಳುವುದೂ ಉಂಟು. ಫೆಬ್ರವರಿ, ಮಾರ್ಚ್ ಹೊತ್ತಿಗೆ ರಸ್ತೆ ಒಣಗಿದಾಗ ಕರೆಸಿ. ನಿಮ್ಮ ಕೆಸರು ಆ ಗಡಿಯ ಹತ್ತಿರವೇ ಇದೆ, ಇನ್ನು ಮೇಲೆ ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಿ. ಖಾಲಿಯಾದ ಮೇಲೆ ತೊಳೆದು ಲಕಲಕ ಮಾಡಬೇಡಿ, ಸ್ವಲ್ಪ ಕೆಸರು ತಳದಲ್ಲಿ ಉಳಿಯಲಿ, ನೀರು ತುಂಬಿಸಿ ಬಿಡಿ.

ಕೊಪ್ಪದವಳು

ತೆಗೆಸುವಾಗ ಯಾರನ್ನೂ ಒಳಗೆ ಇಳಿಸಬೇಡಿ ದಯವಿಟ್ಟು. ಗಟ್ಟಿಯಾಗಿದೆ, ಪೈಪ್ ಎಳೆಯುತ್ತಿಲ್ಲ, ಒಬ್ಬ ಇಳಿದು ಕಲಕುತ್ತಾನೆ ಅಂತ ಗಾಡಿಯವರೇ ಹೇಳಿದರೂ ಬೇಡ. ಕೆಸರು ಗಟ್ಟಿಯಾಗಿದ್ದರೆ ಮೇಲಿನಿಂದ ಜೋರಾಗಿ ನೀರು ಬಿಟ್ಟು ಕದಡಿಸಿ ಎಳೆಸಬೇಕು. ರಕ್ಷಣೆಯ ಸಾಮಾನಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ, ಕೆಲಸ ಮಾಡಿಸಿದವರಿಗೂ ಶಿಕ್ಷೆ ಇದೆ. ಒಬ್ಬ ಬಿದ್ದ, ಎತ್ತಲು ಇಳಿದವನೂ ಹೋದ ಅಂತ ಎಷ್ಟು ಸಲ ಪೇಪರಲ್ಲಿ ಓದಿದ್ದೇವೆ ಅಲ್ವಾ?

ಇನ್ನೊಂದು ಕೇಳಬೇಕಿತ್ತು. ನಿಮ್ಮ ಬಾವಿ ಎಲ್ಲಿದೆ?

ತೋಟದಮನೆ

ದೋಣಿ ಪೈಪ್ ತಿರುಗಿಸಿ ತೋಟದ ಉದಿಗೆ (ಬಸಿಗಾಲುವೆಗೆ) ಬಿಟ್ಟೆವು. ಮಳೆ ಹಾಗೇ ಇದೆ, ಆದರೆ ಗುಂಡಿಯ ನೀರು ಪೈಪಿಗಿಂತ ಕೆಳಗೆ ಇಳಿದಿದೆ. ಗುಳುಗುಳು ನಿಂತಿತು. ಬಾವಿ ಗುಂಡಿಯಿಂದ 40 ಅಡಿ, ತಗ್ಗಿನಲ್ಲಿದೆ. ಕುಡಿಯುವುದು ಅದೇ ನೀರು.

ಸಾಗರದ ಮೇಸ್ತ್ರಿ

ಅದು ಹತ್ತಿರ ಆಯಿತು. ಸೆಪ್ಟಿಕ್ ಟ್ಯಾಂಕಿಗೆ ಇರುವ ಭಾರತೀಯ ಮಾನಕ ಐಎಸ್ 2470 ಪ್ರಕಾರ ಇಂಗುಗುಂಡಿಗೂ ಕುಡಿಯುವ ನೀರಿಗೂ ಕನಿಷ್ಠ 18 ಮೀಟರ್, ಅಂದರೆ 60 ಅಡಿ ಅಂತರ ಬೇಕು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ತೂತು, ಸಂದು ಜಾಸ್ತಿ, ನೀರು ಬೇಗ ಹರಿಯುತ್ತದೆ. ಬೇಸಿಗೆಯಲ್ಲಿ ಈ ಗುಂಡಿ ಬಿಟ್ಟು, ಬಾವಿಯಿಂದ ಆಚೆ ದಿಕ್ಕಿಗೆ ಎರಡು ಮೂರು ಅಡಿ ಆಳದ ಉದ್ದ ಕಾಲುವೆ ತೋಡಿ, ಜಲ್ಲಿ ಹಾಕಿ, ತೂತಿನ ಪೈಪ್ ಮಲಗಿಸಿ. ನೀರು ಮೇಲ್ಮಣ್ಣಿನಲ್ಲೇ ಇಂಗುತ್ತದೆ. ಅಲ್ಲಿಯವರೆಗೆ ನೀರು ಕುದಿಸಿಯೇ ಕುಡಿಯಿರಿ, ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯಾ ವಿಚಾರಿಸಿ. ಜಾಗದ ಅಳತೆ, ಇಳುಕಲು ಯಾವ ಕಡೆ ಅಂತ ಬರೆದು ಹಾಕಿ, ಕಾಲುವೆ ಎಷ್ಟು ಉದ್ದ ಬೇಕು ಲೆಕ್ಕ ಹಾಕೋಣ.