ಸಹಾಯ ಬೇಕು: ಯುಎಸ್ 250 ಹೆದ್ದಾರಿಯಲ್ಲಿ ಸ್ಟ್ಯಾಂಟನ್‌ನಿಂದ ಎಲ್ಕಿನ್ಸ್‌ಗೆ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮಧ್ಯದಲ್ಲಿ ಎರಡು ಕಾರುಗಳಲ್ಲಿ, ಹಿರಿಯರೂ ಮಕ್ಕಳೂ ಸೇರಿ, ವರ್ಜೀನಿಯಾದ ಸ್ಟ್ಯಾಂಟನ್‌ನಿಂದ ವೆಸ್ಟ್ ವರ್ಜೀನಿಯಾದ ಎಲ್ಕಿನ್ಸ್‌ಗೆ ಹೊರಡುತ್ತಿದ್ದೇವೆ. ದಾರಿ ಹೀಗೆ: ಚರ್ಚ್‌ವಿಲ್, ಮೆಕ್‌ಡೊವೆಲ್, ಮಾಂಟೆರಿ, ಬಾರ್ಟೋ, ಡರ್ಬಿನ್, ಹಟನ್ಸ್‌ವಿಲ್. ಒಟ್ಟು ಸುಮಾರು 110 ಮೈಲಿ. ಶೆನಂಡೋವಾ ಬೆಟ್ಟದಿಂದ ಚೀಟ್ ಬೆಟ್ಟದವರೆಗೆ ಒಂದಾದ ಮೇಲೊಂದು ಸಾಲು ಹತ್ತಿ ಇಳಿಯಬೇಕು, ಹಾಗಾಗಿ ಮ್ಯಾಪ್ ತೋರಿಸುವ ಸಮಯದ ಮೇಲೆ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಂಡಿದ್ದೇವೆ.

ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಲೋ ಗೇರ್‌ನಲ್ಲೇ ಇಳಿಯುತ್ತೇವೆ. ಸ್ಟ್ಯಾಂಟನ್‌ನಲ್ಲೇ ಟ್ಯಾಂಕ್ ತುಂಬಿಸುತ್ತೇವೆ. ಬಾರ್ಟೋ ಸುತ್ತಮುತ್ತ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ: ಗ್ರೀನ್ ಬ್ಯಾಂಕ್‌ನ ಖಗೋಳ ವೀಕ್ಷಣಾಲಯದ ರೇಡಿಯೊ ದೂರದರ್ಶಕಗಳಿಗೆ ಅಡ್ಡಿಯಾಗದಂತೆ 1958ರಿಂದ ಅಲ್ಲಿ ಪ್ರಸಾರಕ್ಕೆ ನಿರ್ಬಂಧವಿದೆ. ಆಫ್‌ಲೈನ್ ಮ್ಯಾಪ್ ಜೊತೆಗೆ ಕಾಗದದ ನಕ್ಷೆಯೂ ಇರುತ್ತದೆ.

ಇತ್ತೀಚೆಗೆ ಆ ದಾರಿಯಲ್ಲಿ ಹೋದವರು ದಯವಿಟ್ಟು ತಿಳಿಸಿ:

ಮಾಂಟೆರಿ ದಾಟಿದ ಮೇಲೆ ಭಾನುವಾರ ಸಂಜೆಯೂ ತೆರೆದಿರುವ ಪೆಟ್ರೋಲ್ ಬಂಕ್ ಎಲ್ಲಿದೆ? ಇದೇ ಎಲ್ಲಕ್ಕಿಂತ ಮುಖ್ಯ. ಕಾರ್ಡ್ ಯಂತ್ರ ಕೈಕೊಟ್ಟರೆ ಇರಲೆಂದು ನಗದು ಇಟ್ಟುಕೊಂಡಿರುತ್ತೇವೆ.

ಡರ್ಬಿನ್‌ನಿಂದ ಹಟನ್ಸ್‌ವಿಲ್‌ವರೆಗೆ ಬೆಳಗಿನ ಮಂಜು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಸರಿಯುತ್ತದೆ? ಮುಸ್ಸಂಜೆ ಜಿಂಕೆಗಳು ರಸ್ತೆಗೆ ನುಗ್ಗುವುದರಿಂದ ಕತ್ತಲಾಗುವ ಮೊದಲೇ ಎಲ್ಕಿನ್ಸ್ ಸೇರಬೇಕು.

ಮೊಟ್ಟೆಯನ್ನೂ ತಿನ್ನದ ಹಿರಿಯರಿಗೆ ಮಾಂಟೆರಿಯಲ್ಲಿ ಬಿಸಿ ಊಟ ಸಿಗುತ್ತದೆಯೇ, ಇಲ್ಲ ಚಪಾತಿ, ಮೊಸರನ್ನ ಕಟ್ಟಿಕೊಂಡೇ ಹೋಗುವುದು ವಾಸಿಯೇ?