ಹೋಸ್ಟ್‌ಗೆ ‘ಆತಿಥೇಯ’ ಬೇಡ, ‘ಧಣಿ’ ನಡೆಯುತ್ತದಾ? (ಇವತ್ತೇ ಬೇಕು)

ಹೋಸ್ಟ್, ಹಾಫ್‌ವರ್ಡ್, ರೆಡಿ, ಈ ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೆ. ನಿನ್ನೆ ಬರೆದವರಿಗೆಲ್ಲ ಥ್ಯಾಂಕ್ಸ್. ಆದರೆ ನಾನು ಕೇಳಿದ್ದೊಂದು, ಬಂದ ಉತ್ತರ ಇನ್ನೊಂದು. ಕಲಬುರಗಿಯ ನಮ್ಮ ಡಿಪ್ಲೊಮಾ ಲ್ಯಾಬ್‌ನ ಗೋಡೆಗೆ ಒಂದು ಬೋರ್ಡ್ ಬೇಕು. ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸರ್) ಚಿಪ್‌ಗೆ ಹೋಸ್ಟ್ ಕನೆಕ್ಷನ್ ಸಿಗದಿದ್ದರೆ ಏನೇನು ನೋಡಬೇಕು ಅಂತ. ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

‘ಆತಿಥೇಯ’ ಆಗಲ್ಲ. ಮನೆಗೆ ಬಂದವರಿಗೆ ಉಣ್ಣಲು ಇಡುವವನು ಆತಿಥೇಯ, ಅಲ್ವಾ? ಇಲ್ಲಿ ಎಲ್ಲ ಉಲ್ಟಾ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸಿ6000 ಚಿಪ್‌ಗಳಲ್ಲಿ ಹೋಸ್ಟ್ ಅನ್ನುವುದು ಹೊರಗಿನ ಪ್ರೊಸೆಸರ್. ಅದು ಡಿಎಸ್‌ಪಿಯ ಮೆಮೊರಿಗೇ ಕೈ ಹಾಕಿ ಓದುತ್ತದೆ, ಬರೆಯುತ್ತದೆ. ಯಾರ ಮನೆಗೆ ಯಾರು ಬಂದ ಹಾಗಾಯ್ತು? ಅದೂ ಅಲ್ಲದೆ ‘ಡಿಎಸ್‌ಪಿ ಆತಿಥೇಯ’ ಅಂತ ದೊಡ್ಡಕ್ಷರದಲ್ಲಿ ಬರೆದರೆ ಜನ ಪೊಲೀಸರ ಆತಿಥ್ಯ ಅಂದುಕೊಳ್ಳುತ್ತಾರೆ.

ಹಳಗನ್ನಡದ ‘ಬಿರ್ದು’ ಹಿಡಿದುಕೊಂಡು ಎರಡು ಪುಟ ಬರೆದವರೇ, ಅದು ಔತಣ. ತಮಿಳಿನ ವಿರುಂದು ಅದರ ನಂಟ, ವಕಾರ ಬಕಾರ ಆಗಿದೆ, ಒಪ್ಪಿದೆ. ಆದರೆ ಹೋಸ್ಟ್‌ಗೆ ನಿಮ್ಮ ‘ಬಿದ್ದೊಡೆಯ’ (ಔತಣದ ಒಡೆಯ) ಹಾಕಿದರೆ ನಮ್ಮ ಹುಡುಗರು ಯಾರು ಬಿದ್ದರು ಸರ್ ಅಂತ ಕೇಳುತ್ತಾರೆ. ಅಲ್ಲಿಗೆ ಮುಗೀತು.

ಇನ್ನು ಅರ್ಧದ, ಅಂದರೆ ಹಾಫ್‌ವರ್ಡ್‌ನ ಜಗಳ. ಈ ಸಾಲಿನ ಹಳೇ ಚಿಪ್‌ಗಳಲ್ಲಿ, 6711ರಂಥವುಗಳಲ್ಲಿ, ಹೋಸ್ಟ್ ಪೋರ್ಟ್ 16 ಬಿಟ್, ಒಳಗಿನ ಪದ (ವರ್ಡ್, ಚಿಪ್ ಒಂದೇ ಸಲಕ್ಕೆ ಹಿಡಿಯುವ ಡೇಟಾ) 32 ಬಿಟ್. ಹಾಗಾಗಿ ಒಂದೊಂದು ಪದ ಎರಡು ತುಂಡಾಗಿ ಹೋಗುತ್ತದೆ. ಒಂದು ತುಂಡು ತಪ್ಪಿತೋ, ಮುಂದಿನದೆಲ್ಲ ಅಡ್ಡಾದಿಡ್ಡಿ. ಮೊದಲು ಹೋಗುವುದು ಮೇಲಿನ ಅರ್ಧವೋ ಕೆಳಗಿನದೋ ಅಂತ ಹೇಳಲು ಕಂಟ್ರೋಲ್ ರಿಜಿಸ್ಟರ್‌ನಲ್ಲಿ (ರಿಜಿಸ್ಟರ್ ಅಂದರೆ ಚಿಪ್‌ನೊಳಗಿನ ಪುಟ್ಟ ಮೆಮೊರಿ ಗೂಡು) ಅದಕ್ಕಂತಲೇ ಒಂದು ಬಿಟ್ ಇದೆ. ಹುಡುಗರು ಜಾಸ್ತಿ ಎಡವುವುದು ಅಲ್ಲೇ. ನಾನು ‘ಅರೆಪದ’ ಅಂದೆ. ಅರಿಸಮಾಸ ಅಂತ ಒಬ್ಬರು ಕೆಂಡವಾದರು, ‘ಅರೆನುಡಿ’ ಮಾಡಿ ಅಂತ ಇನ್ನೊಬ್ಬರು. ನುಡಿ ಅಂದರೆ ಇಲ್ಲಿ ಕೀಬೋರ್ಡ್ ಸಾಫ್ಟ್‌ವೇರ್, ಸ್ವಾಮಿ!

ರೆಡಿಗೆ ನಾನು ಇಟ್ಟ ‘ತಯಾರ್’ ಅರಬ್ಬಿ ಕಡೆಯಿಂದ ಬಂದದ್ದು, ‘ಅಣಿ’ ಬಳಸಿ ಅಂತಲೂ ಬಂದಿದೆ. ತಯಾರ್, ದವಾಖಾನೆ, ಕಚೇರಿ, ಜಮೀನು ಎಲ್ಲ ತೆಗೆದರೆ ನಮ್ಮ ಕಡೆಯವರು ಬಾಯಿ ತೆರೆಯುವ ಹಾಗೇ ಇಲ್ಲ. ಚಿಪ್ ಸಿದ್ಧ ಅಂತ ಹೋಸ್ಟ್‌ಗೆ ಹೇಳುವ ರೆಡಿ ಪಿನ್ ಸುಮ್ನೆ ಕೂತಾಗ ನಮ್ಮ ಹುಡುಗ ಹೇಳುವುದು ‘ಸರ್, ಚಿಪ್ ಇನ್ನಾ ತಯಾರ್ ಆಗಿಲ್ರಿ’ ಅಂತಲೇ. ಅದನ್ನೇ ಬರೆಯುತ್ತೇನೆ.

ಹೋಸ್ಟ್‌ಗೆ ನನ್ನ ಮನಸ್ಸು ‘ಧಣಿ’ ಕಡೆ ಇದೆ. ಧಣಿ ಮೊದಲು ವಿಳಾಸ ಕೊಡುತ್ತಾನೆ, ಆಮೇಲೆ ಮಾಲು ಕೇಳುತ್ತಾನೆ. ಕೆಲಸವೂ ಹಾಗೇ: ಅಡ್ರೆಸ್ ರಿಜಿಸ್ಟರ್ ಮೊದಲು, ಡೇಟಾ ರಿಜಿಸ್ಟರ್ ಆಮೇಲೆ. ಬೋರ್ಡಿನ ಸಾಲು ಹೀಗಿದೆ: ‘ಚಿಪ್ ತಯಾರ್ ಅನ್ನುವವರೆಗೆ ಧಣಿ ಕಾಯಬೇಕು. ಎರಡೂ ಅರೆಪದ ಹೋಗಿವೆಯೇ ನೋಡಿ.’

ಧಣಿ ಮೂಲದಲ್ಲಿ ಧನಿಕ, ಅಚ್ಚಗನ್ನಡ ಅಲ್ಲ ಅನ್ನುವವರು ಬರೆಯಬೇಡಿ. ಜೀತದ ವಾಸನೆ ಬರುತ್ತದೆ, ಲ್ಯಾಬ್ ಗೋಡೆಗೆ ಬೇಡ ಅನ್ನುವವರಿದ್ದರೆ ಬರೆಯಿರಿ, ಆ ಅಳುಕು ನನಗೂ ಇದೆ. ಹಾಗಿದ್ದರೆ ‘ಹೋಸ್ಟ್’ ಅಂತಲೇ ಬಿಡುತ್ತೇನೆ. ಅಂಗಡಿ 6ಕ್ಕೆ ಮುಚ್ಚುತ್ತದೆ.